ಖಾಲಿ ಬಿಟ್ಟ ಪಕ್ಷ

ಅಮೆರಿಕದ ಪೌರತ್ವ ಸಿಕ್ಕ ವಾರವೇ ಮತದಾರರ ಅರ್ಜಿ ತುಂಬಿದೆ. ಅದರಲ್ಲಿ ನಿಮ್ಮ ಪಕ್ಷ ಯಾವುದು ಅಂತ ಒಂದು ಪ್ರಶ್ನೆ. ನನಗೆ ಗಾಬರಿ. ಊರಲ್ಲಿದ್ದಾಗ ಯಾರಿಗೆ ಓಟು ಹಾಕಿದೆ ಅಂತ ಅಪ್ಪನಿಗೂ ಹೇಳಿದವನಲ್ಲ. ಈಗ ಸರ್ಕಾರದ ಕಾಗದದ ಮೇಲೆ ಬರೆದುಕೊಡುವುದಾ? ಸುಮ್ನೆ ಯಾಕೆ ಅಂತ 'ಯಾವ ಪಕ್ಷವೂ ಬೇಡ' ಅನ್ನುವುದಕ್ಕೆ ಟಿಕ್ ಹಾಕಿದೆ.

ಅದೆಂಥ ಎಡವಟ್ಟು ಅಂತ ಗೊತ್ತಾಗಿದ್ದು 2025ರ ಜೂನ್‌ನಲ್ಲಿ. ನ್ಯೂಯಾರ್ಕ್ ಮೇಯರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಓಟು ಹಾಕಿ ಆರಿಸುವ ಒಳಚುನಾವಣೆ. ಸ್ಪರ್ಧಿಗಳಲ್ಲಿ ಗೆಲ್ಲುವುದು ಮಮ್ದಾನಿಯಾ, ಕ್ಯುಮೊನಾ ಅಂತ ನಗರದ ಕ್ವೀನ್ಸ್ ಭಾಗದಲ್ಲೆಲ್ಲ ಅದೇ ಮಾತು. ನನಗೆ ಮಾತ್ರ ಓಟಿಲ್ಲ. ಇಲ್ಲಿನದು ಕ್ಲೋಸ್ಡ್ ಪ್ರೈಮರಿ, ಆ ಪಕ್ಷದಲ್ಲಿ ಹೆಸರು ಬರೆಸಿದವರಿಗಷ್ಟೇ. ಪಕ್ಷ ಬದಲಿಸಲು ಫೆಬ್ರವರಿ 14 ಕೊನೆ ದಿನ. ಆ ಚಳಿಯಲ್ಲಿ ಜೂನ್ ಚುನಾವಣೆ ಯಾರಿಗೆ ನೆನಪಿರುತ್ತದೆ?

ಮೊದಲು ಇನ್ನೂ ಕಷ್ಟವಿತ್ತು. 2016ರ ಏಪ್ರಿಲ್‌ನ ಅಧ್ಯಕ್ಷ ಸ್ಥಾನದ ಪ್ರೈಮರಿಗೆ ಹಿಂದಿನ ವರ್ಷದ ಅಕ್ಟೋಬರ್‌ನಲ್ಲೇ ಪಕ್ಷ ಬದಲಿಸಿರಬೇಕಿತ್ತು. ಟ್ರಂಪ್ ಮಕ್ಕಳು ಇವಾಂಕಾ, ಎರಿಕ್ ಇಬ್ಬರೂ ಆ ದಿನ ತಪ್ಪಿಸಿಕೊಂಡು ಅಪ್ಪನಿಗೇ ಓಟು ಹಾಕಲಾಗಲಿಲ್ಲ. ಆ ಮನೆಯವರಿಗೂ ನನಗೂ ಹೋಲಿಕೆ ಅಂತಿದ್ದರೆ ಇದೊಂದೇ!

ನವೆಂಬರ್‌ನಲ್ಲಿ ಅಸಲಿ ಚುನಾವಣೆ ಇದೆಯಲ್ಲ ಅಂತೀರಾ? ಮೇಯರ್ ಮಟ್ಟಿಗೆ ಹೌದು. ಪ್ರೈಮರಿಯಲ್ಲಿ ಸೋತ ಕ್ಯುಮೊ ಸ್ವತಂತ್ರವಾಗಿ ನಿಂತರು, ನಾನೂ ಓಟು ಹಾಕಿದೆ. ಆದರೆ ಸಿಟಿ ಕೌನ್ಸಿಲ್‌ನ ಹೆಚ್ಚಿನ ಸೀಟುಗಳಲ್ಲಿ ಡೆಮಾಕ್ರಟಿಕ್ ಟಿಕೆಟ್ ಸಿಕ್ಕವರು ಗೆದ್ದಂತೆಯೇ. ಅಲ್ಲಿ ಆಟ ಜೂನ್‌ನಲ್ಲೇ ಮುಗಿದಿರುತ್ತದೆ.

ಹಾಗಂತ ಮಿಷಿಗನ್ ಥರ ಬಾಗಿಲು ಪೂರ್ತಿ ತೆರೆಯಿರಿ ಅನ್ನುವವನೂ ಅಲ್ಲ. ಅಲ್ಲಿ ನೋಂದಣಿಯಲ್ಲಿ ಪಕ್ಷವೇ ಇಲ್ಲ, ಯಾರು ಬೇಕಾದರೂ ಯಾವುದಾದರೂ ಒಂದು ಪಕ್ಷದ ಪ್ರೈಮರಿಗೆ ಹೋಗಬಹುದು. ಎದುರು ಪಕ್ಷದವರು ಬಂದು ಸೋಲುವ ಕುದುರೆಯನ್ನೇ ಆರಿಸಿದರೆ? ಪಕ್ಷಕ್ಕೆ ದುಡಿದವರಿಗೆ ಸಿಟ್ಟು ಬರುವುದು ಸಹಜ. ನನಗೆ ಹಿಡಿಸಿದ್ದು ಹೊಳೆಯಾಚೆಯ ನ್ಯೂಜೆರ್ಸಿಯ ಪದ್ಧತಿ. ಪಕ್ಷವಿಲ್ಲದವರು ಓಟಿನ ದಿನವೇ ಒಂದು ಪಕ್ಷ ಆರಿಸಿಕೊಳ್ಳಬಹುದು. ಇನ್ನೊಂದು ಪಕ್ಷದಲ್ಲಿ ಇರುವವರು ಮಾತ್ರ ಆ ದಿನ ಜಿಗಿದು ಬರುವಂತಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಮಂಗಳೂರಿನ ಭಾವ ನಕ್ಕರು. "ನಿನಗೆ ಜೂನ್ ಆದ್ರೂ ಉಂಟು ಮಾರಾಯ. ನಮಗೆ ಬಿ ಫಾರಂ ಬಂದ ಮೇಲೇ ಕ್ಯಾಂಡಿಡೇಟ್ ಯಾರು ಅಂತ ಗೊತ್ತಾಗುವುದು."

ಅವರ ಊರಲ್ಲೂ ಒಮ್ಮೆ ಪ್ರೈಮರಿ ಆಗಿತ್ತು. 2014ರಲ್ಲಿ ಕಾಂಗ್ರೆಸ್ ದಕ್ಷಿಣ ಕನ್ನಡ, ಬೆಂಗಳೂರು ಉತ್ತರ ಎರಡರಲ್ಲೂ ಮಾಡಿತ್ತು. ಓಟು ಪಕ್ಷದ ಪದಾಧಿಕಾರಿಗಳಂಥವರಿಗೆ ಮಾತ್ರ, ಅಂದರೆ ನ್ಯೂಯಾರ್ಕ್‌ಗಿಂತ ಜಾಸ್ತಿ ಕ್ಲೋಸ್ಡ್! ಅದರಲ್ಲಿ ಗೆದ್ದ ಜನಾರ್ದನ ಪೂಜಾರಿ, ಸಿ. ನಾರಾಯಣಸ್ವಾಮಿ ಇಬ್ಬರೂ ಲೋಕಸಭೆ ಚುನಾವಣೆಯಲ್ಲಿ ಸೋತರು.

ನಾನು ಜುಲೈನಲ್ಲೇ ಹೋಗಿ ಡೆಮಾಕ್ರಟ್ ಅಂತ ಬರೆಸಿ ಬಂದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.