ಫ್ಲೆಕ್ಸ್‌ನಲ್ಲಿ ಕಾಣೆಯಾದ ‘ಸ’

ಕಳೆದ ತಿಂಗಳು ಕಾಪುವಿನಲ್ಲಿ ಮಾವನ ಮಗಳ ಸೀಮಂತ. ಹಾಲ್‌ನ ಗೇಟಿನಲ್ಲಿ ಎಂಟಡಿ ಫ್ಲೆಕ್ಸ್. ಅದರಲ್ಲಿ ದಪ್ಪ ಅಕ್ಷರದಲ್ಲಿ ‘ಉಮಾ’. ಹುಡುಗಿಯ ಹೆಸರು ಸುಮಾ ಮಾರಾಯ್ರೆ!

ಆರ್ಡರ್ ಕೊಟ್ಟದ್ದು ಮಾವ, ಫೋನಿನಲ್ಲಿ. ಊಟದ ಪಂಕ್ತಿಯಲ್ಲಿ ಇಡೀ ಅವರದ್ದೇ ತಮಾಷೆ. ಅತ್ತೆಯಂತೂ “ಇವರ ಮುಂದಿನ ಎರಡು ಹಲ್ಲು ಹೋದ ಮೇಲೆ ‘ಸ’ ಎಲ್ಲಿಂದ ಬರಬೇಕು” ಎಂದುಬಿಟ್ಟರು. ಮಾವ ಪಾಯಸದ ಬಾಲ್ದಿ ಹಿಡಿದುಕೊಂಡು ಒಂದೇ ಹಠ: “ಯಾನ್ ಸರಿಯೇ ಪಂಡಿನಿ.”

ಅವರು ಸರಿಯಾಗಿಯೇ ಹೇಳಿದ್ದರು. ಮಾವ ಎಂಬ ಪ್ರೀತಿಗೆ ಹೀಗೆ ಹೇಳುತ್ತಿಲ್ಲ. ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರ 14 ವರ್ಷದಿಂದ ಮೊಬೈಲ್ ರಿಪೇರಿ ಮಾಡಿಕೊಂಡಿರುವವನು ನಾನು. ಈ ‘ಸ’ ಕದಿಯುವ ಕಳ್ಳನ ಪರಿಚಯ ಚೆನ್ನಾಗಿದೆ.

ಹಳೇ ಬಗೆಯ ಫೋನ್ ಕಾಲ್‌ನಲ್ಲಿ ದಾಟುವುದು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದು ಮಾತ್ರ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ). ‘ಸ’ ಹೇಳಿ ನೋಡಿ. ಗಂಟಲು ನಡುಗುವುದಿಲ್ಲ, ಹಲ್ಲಿನ ಸಂದಿಯಿಂದ ಗಾಳಿ ಹೋಗುತ್ತದೆ, ಅಷ್ಟೆ. ಆ ಗಾಳಿಯ ಸದ್ದಿನ ಹೆಚ್ಚಿನ ಪಾಲು ಇರುವುದೇ 4000 ಹರ್ಟ್ಸ್‌ನ ಆಚೆ. ಬೇಲಿ ಇರುವುದು 3400ರಲ್ಲಿ. ಸಾಲದ್ದಕ್ಕೆ ಅವತ್ತು ಮಾವ ನಿಂತದ್ದು ಜಗಲಿಯ ಶೀಟಿನ ಕೆಳಗೆ, ಮೇಲೆ ಜೋರು ಮಳೆ. ಮಳೆಯದ್ದೂ ‘ಸ್ಸ್’ ಅನ್ನುವ ಸದ್ದೇ ಅಲ್ವಾ? ಆ ಕಡೆಯವನಿಗೆ ಉಳಿದದ್ದು ‘ಉಮಾ’.

ನನ್ನ ಅಂಗಡಿಗೆ ದಿನಾ ಯಾರಾದರೂ ವಯಸ್ಸಾದವರು ಬರುತ್ತಾರೆ. “ಇಯರ್‌ಪೀಸ್ ಹೋಗಿದೆ, ಚೇಂಜ್ ಮಾಡಿ.” ಜೊತೆಗೆ ಬಂದ ಮಗನ ಮುಖದಲ್ಲಿ ‘ಹೋದದ್ದು ಕಿವಿ’ ಎಂಬ ಭಾವ. ನಾನು ಮೊದಲು ಬ್ರಶ್ ಹಿಡಿದು ಜಾಲರಿ ಉಜ್ಜುತ್ತೇನೆ. ಧೂಳು, ಬೆವರಿನ ಜಿಡ್ಡು, ಒಮ್ಮೆ ಅಂತೂ ನೀರುದೋಸೆಯ ಹಿಟ್ಟು ಒಣಗಿ ಕೂತಿತ್ತು! ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ವೋಲ್ಟೆ (ಕಾಲನ್ನು 4ಜಿಯಲ್ಲೇ ಸಾಗಿಸುವ ವ್ಯವಸ್ಥೆ) ಆನ್ ಇದೆಯಾ ನೋಡುತ್ತೇನೆ. ಎಷ್ಟೋ ಫೋನುಗಳಲ್ಲಿ ಆಫ್. ಆಫ್ ಇದ್ದರೆ 4ಜಿ ಫೋನು ಕೂಡ ಕಾಲ್ ಬಂದ ತಕ್ಷಣ 2ಜಿಗೋ 3ಜಿಗೋ ಇಳಿದುಬಿಡುತ್ತದೆ. ಆನ್ ಮಾಡಿ ನನ್ನ ಫೋನಿನಿಂದ ಕಾಲ್ ಹಾಕುತ್ತೇನೆ, ರಸ್ತೆಯಾಚೆ ನಿಂತು ಮಾತಾಡುತ್ತೇನೆ. ಅಲ್ಲಿಂದಲೇ ಕೈ ಎತ್ತಿ ಹೇಳುತ್ತಾರೆ, “ಓ, ಇತ್ತೆ ಕೇಣುಂಡು!” (ಈಗ ಕೇಳುತ್ತದೆ). ಬಿಲ್ ಮಾಡುವಂಥ ಕೆಲಸ ಅಲ್ಲ ಅದು. ನನಗೆ ನಷ್ಟವೇ.

ಆ ವ್ಯತ್ಯಾಸಕ್ಕೆ ಕಾರಣ ಎಎಂಆರ್ ವೈಡ್‌ಬ್ಯಾಂಡ್ ಎಂಬ ಕೋಡೆಕ್, ಅಂದರೆ ಮಾತನ್ನು ಚಿಕ್ಕದಾಗಿ ಕಟ್ಟಿ ಕಳಿಸಿ ಆ ಕಡೆ ಬಿಚ್ಚುವ ತಂತ್ರ. 50ರಿಂದ 7000 ಹರ್ಟ್ಸ್‌ವರೆಗೆ ದಾಟಿಸುತ್ತದೆ. ಮೊನ್ನೆ ಮೊನ್ನೆಯದ್ದಲ್ಲ ಇದು, ಮೊಬೈಲ್ ಜಾಲಗಳಿಗೆ 2001ರಲ್ಲೇ ನಿಗದಿಯಾದದ್ದು. ಹಳೇ ಡಿಜಿಟಲ್ ಲ್ಯಾಂಡ್‌ಲೈನ್ ಕಾಲ್‌ಗೆ ಸೆಕೆಂಡಿಗೆ 64 ಕಿಲೋಬಿಟ್ ಬೇಕು. ಇದಕ್ಕೆ 12.65 ಸಾಕು. ಐದರಲ್ಲಿ ಒಂದು ಪಾಲು ಖರ್ಚು, ಎರಡು ಪಟ್ಟು ಅಗಲದ ಸದ್ದು. ಹೇಗೆ ಅಂದರೆ, ಇದು ಸದ್ದನ್ನು ಹಾಗ್ಹಾಗೇ ಕಳಿಸುವುದಿಲ್ಲ. ಒಂದು ಸೆಕೆಂಡಿನ ಮಾತನ್ನು 50 ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಬಾಯಿ ಯಾವ ಆಕಾರದಲ್ಲಿತ್ತು, ಗಂಟಲು ಹೇಗೆ ನಡುಗಿತು ಎಂಬ ಲೆಕ್ಕ ಕಳಿಸುತ್ತದೆ. ಅಂಗಿ ಕಳಿಸುವ ಬದಲು ಟೈಲರನಿಗೆ ಅಳತೆ ಚೀಟಿ ಕಳಿಸಿದ ಹಾಗೆ. ಆ ಕಡೆಯ ಫೋನು ಹೊಲಿದುಕೊಳ್ಳುತ್ತದೆ.

(ಯಕ್ಷಗಾನದ ಆಟ ನೋಡುತ್ತಾ ಫೋನಿನಲ್ಲಿ ಮನೆಯವರಿಗೆ ಚಂಡೆ ಕೇಳಿಸಲು ಹೋದವರಿಗೆ ಗೊತ್ತಿರುತ್ತದೆ, ತಗಡು ಬಡಿದ ಹಾಗೆ ಇರುತ್ತದೆ. ಚಂಡೆಗೆ ಬಾಯಿಯೂ ಇಲ್ಲ, ಗಂಟಲೂ ಇಲ್ಲ. ಅಳತೆ ತೆಗೆಯುವುದು ಎಲ್ಲಿಂದ? 2014ರಲ್ಲಿ ಬಂದ ಇವಿಎಸ್ ಕೋಡೆಕ್ ಇದರಲ್ಲಿ ಸ್ವಲ್ಪ ಜಾಣ.)

ನನ್ನ ಸಿಟ್ಟು ಇರುವುದು ಇಲ್ಲಿ. ವೈಡ್‌ಬ್ಯಾಂಡ್ ಸಿಗಬೇಕಾದರೆ ಈ ಕಡೆಯ ಫೋನು, ಆ ಕಡೆಯ ಫೋನು, ನಡುವಿನ ಜಾಲ ಎಲ್ಲವೂ ಒಪ್ಪಬೇಕು. ಒಂದು ಕಡೆ ತಪ್ಪಿದರೂ ಇಡೀ ಕಾಲ್ ಹಳೇ 3400ಕ್ಕೇ ಬರುತ್ತದೆ. ಇದನ್ನು ಗಿರಾಕಿಗೆ ಯಾರೂ ಹೇಳುವುದಿಲ್ಲ. ಸಿಮ್ ಮಾರುವವರ ಬಾಯಲ್ಲಿ ಬರೀ ಜಿಬಿ, ಜಿಬಿ. ಫೋನ್ ಮಾರುವವರ ಬಾಯಲ್ಲಿ ಕ್ಯಾಮೆರಾ. ‘ಮಾತು ಹೇಗೆ ಕೇಳುತ್ತದೆ’ ಎಂದು ಕೇಳಿ ಫೋನ್ ಕೊಂಡವರನ್ನು ನಾನು ನೋಡಿಲ್ಲ. ದಿನಕ್ಕೆ ನಾಲ್ಕು ಸಲ ಮಕ್ಕಳಿಗೆ ಕಾಲ್ ಮಾಡುವುದೇ ಕೆಲಸವಾಗಿರುವ ಅಪ್ಪ ಅಮ್ಮನಿಗೆ ಮಾತ್ರ ‘ಕರೆ ಮಾಡಲಿಕ್ಕೆ ಅಲ್ವಾ, ಇದು ಸಾಕು’ ಎಂದು ಮನೆಯಲ್ಲಿ ಬಿದ್ದಿರುವ 2ಜಿ ಸೆಟ್ ಕೊಡುತ್ತೇವೆ. ಆಮೇಲೆ ‘ಕೇಳುದಿಲ್ವಾ ನಿಮಗೆ?’ ಎಂದು ರೇಗುತ್ತೇವೆ. ನಾನೂ ರೇಗಿದ್ದೇನೆ, ಅದೂ ಈ ಅಂಗಡಿಯಲ್ಲಿ ಕೂತುಕೊಂಡೇ.

ಸೀಮಂತದ ಮರುವಾರ ಮಾವನಿಗೆ ಒಂದು 4ಜಿ ಕೀಪ್ಯಾಡ್ ಸೆಟ್ ಕೊಟ್ಟು ಬಂದೆ. ನನ್ನ ಜೊತೆ ಈಗ ಆರಾಮಾಗಿ ಮಾತಾಡುತ್ತಾರೆ. ಆದರೆ ಮೊನ್ನೆ ತೊಟ್ಟಿಲ ಶಾಸ್ತ್ರದ ಫ್ಲೆಕ್ಸಿಗೆ ಅದೇ ಅಂಗಡಿಗೆ ಫೋನ್ ಮಾಡುವಾಗ ಪಕ್ಕದಲ್ಲೇ ಇದ್ದೆ. “ಸು... ಸುಬ್ರಹ್ಮಣ್ಯದ ಸು, ಉಪ್ಪಿನ ಉ ಅಲ್ಲ” ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಅತ್ತೆ ಒಳಗಿಂದ ನಗುತ್ತಿದ್ದರು. ನಾನು ನಗಲಿಲ್ಲ. ಆ ಅಂಗಡಿಯದ್ದು ಲ್ಯಾಂಡ್‌ಲೈನ್.