12 ವೋಲ್ಟಿನ ಸುಳ್ಳು

2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳಿಂದ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಹೆಚ್ಚುಕಡಿಮೆ ಮಾಯವಾಗಿ, ಅದರ ಬದಲು ಟ್ಯಾಂಕಿನೊಳಗೆ ಮುಳುಗಿ ಕುಳಿತ ವಿದ್ಯುತ್ ಪಂಪು ಬಂದಿತಾದರೂ, ನಮ್ಮ ತೀರ್ಥಹಳ್ಳಿ ಕಡೆಯ ಸಲಹೆಗಾರರು ಮಾತ್ರ ಚೇತಕ್ ಸ್ಕೂಟರಿನ ಕಾಲದಲ್ಲಿಯೇ ಉಳಿದಿದ್ದಾರೆ. ಕೀ ತಿರುಗಿಸಿದೊಡನೆ ಎರಡು ಮೂರು ಸೆಕೆಂಡು ‘ಜುಂಯ್’ ಎನ್ನುತ್ತಿದ್ದ ನನ್ನ ಬೈಕಿನ ಪಂಪು ಮಳೆಗಾಲದ ಒಂದು ಬೆಳಿಗ್ಗೆ ಮೌನವ್ರತ ಹಿಡಿದಾಗ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಹಲ್ಲುಜ್ಜುತ್ತಲೇ ಬಂದು, ‘ಎಡಕ್ಕೆ ವಾಲಿಸಿ, ಪೆಟ್ರೋಲು ಇಳಿಯುತ್ತದೆ’ ಎಂದು ಅಪ್ಪಣೆ ಕೊಟ್ಟು, ನಾನು ಬೇಡವೆನ್ನುವಷ್ಟರಲ್ಲಿ ತಾವೇ ವಾಲಿಸಿಯೂಬಿಟ್ಟರು. ಬೈಕು ಬಿದ್ದಿತೆಂದು ತೋರಿದೊಡನೆ ಪಂಪಿನ ವಿದ್ಯುತ್ತನ್ನು ಕಡಿದುಹಾಕುವ ಸೆನ್ಸರ್ ಇದರಲ್ಲಿದ್ದು, ಕೀ ಆಫ್ ಮಾಡಿ ಮತ್ತೆ ಆನ್ ಮಾಡುವ ತನಕ ಅದು ಮುನಿಸು ಬಿಡುವುದಿಲ್ಲ. ಒಂದಿದ್ದ ತೊಂದರೆ ಎರಡಾಯಿತು.

ಫ್ಯೂಸು ಸರಿಯಿತ್ತು, ಪಂಪಿಗೆ ಕರೆಂಟು ಬಿಡುವ ಸ್ವಿಚ್ಚಾದ ರಿಲೇ ‘ಟಿಕ್’ ಎನ್ನುತ್ತಿತ್ತು, ಪಂಪಿನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ಪೂರ್ತಿ 12 ವೋಲ್ಟು. ಇದನ್ನು ಫೋನಿನಲ್ಲಿ ಕೇಳಿದ ಮೆಕ್ಯಾನಿಕ್, ‘ಪಂಪು ಹೋಗಿದೆ ಸಾರ್, ಇಡೀ ಅಸೆಂಬ್ಲಿ ಹಾಕಬೇಕು’ ಎಂದು ತೀರ್ಪಿತ್ತನು.

ಮಧ್ಯಾಹ್ನ ಬಂದ ಆಟೋ ಎಲೆಕ್ಟ್ರಿಷಿಯನ್ ಮೀಟರನ್ನು ಕಣ್ಣೆತ್ತಿಯೂ ನೋಡದೆ, ಎರಡು ತಂತಿ ಬೆಸೆದ 35 ವ್ಯಾಟಿನ ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ಚೀಲದಿಂದ ತೆಗೆದನು. ಪಂಪಿಗೆ ಕರೆಂಟು ಬರುವ, ಕೀ ಆನ್ ಆದ ಆ ಎರಡು ಮೂರು ಸೆಕೆಂಡಿನಲ್ಲಿಯೇ ಪರೀಕ್ಷೆ ಮುಗಿಯಬೇಕಾದ್ದರಿಂದ ಮೇಷ್ಟ್ರನ್ನು ಕೀ ತಿರುಗಿಸಲು ನೇಮಿಸಲಾಯಿತು. ‘ಆನ್’, ‘ಆಫ್’ ಎಂಬ ಆಜ್ಞೆಗಳನ್ನು ಅವರು ಡ್ರಿಲ್ ಪೀರಿಯಡ್ಡಿನ ಶಿಸ್ತಿನಿಂದ ಪಾಲಿಸಿದರು. ಪಂಪಿನ ಕನೆಕ್ಟರಿಗೆ ಸಿಕ್ಕಿಸಿದ ಬಲ್ಬು ಕೆಂಪಗೆ ಮಿಣುಕಿತೇ ಹೊರತು ಉರಿಯಲಿಲ್ಲ. ಸಾಲ ಕೇಳುವ ತನಕ ಎಲ್ಲ ನೆಂಟರೂ ಶ್ರೀಮಂತರೇ ಆಗಿರುವಂತೆ, ಮೀಟರು ಕರೆಂಟನ್ನೇ ಕೇಳದ ಕಾರಣ ಒಂದೇ ಎಳೆ ಉಳಿದ ತಂತಿಯೂ ಅದಕ್ಕೆ ಪೂರ್ತಿ ವೋಲ್ಟೇಜು ತೋರಿಸುತ್ತದೆ. ಸುಮಾರು ಮೂರು ಆಂಪಿಯರ್ ಬೇಡುವ ಬಲ್ಬಿನ ಮುಂದೆ ಆ ಬಡಾಯಿ ನಡೆಯಲಿಲ್ಲ. ಬಲ್ಬಿನ ನೆಗೆಟಿವ್ ತಂತಿಯನ್ನು ಕನೆಕ್ಟರಿನಿಂದ ತೆಗೆದು ನೇರವಾಗಿ ಬ್ಯಾಟರಿಯ ನೆಗೆಟಿವ್ ತುದಿಗೆ ಮುಟ್ಟಿಸಿದಾಗ ಅದು ಝಗ್ಗನೆ ಬೆಳಗಿತು. ಅಂದರೆ ಪಾಸಿಟಿವ್ ನಿರ್ದೋಷಿ, ಕಳ್ಳ ಅರ್ತಿಂಗಿನಲ್ಲಿ, ಎಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿಯಲ್ಲಿ. ಸೀಟಿನಡಿ ಚಾಸಿಗೆ ಬಿಗಿದಿದ್ದ ಅರ್ತಿಂಗ್ ತಂತಿಯ ತುದಿಯ ಟೇಪು ಸುಲಿದಾಗ, ಮಲೆನಾಡಿನ ಮಳೆಯೆಲ್ಲ ಹಸಿರು ಪುಡಿಯಾಗಿ ಕೂತಿತ್ತು. ತಾಮ್ರ ಹುಡುಕಿದರೂ ಕಾಣಲಿಲ್ಲ.

ತುದಿ ಕತ್ತರಿಸಿ, ಹೊಸ ಟರ್ಮಿನಲ್ ಒತ್ತಿ, ಚಾಸಿಯನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿದ ಮೇಲೆ ಪಂಪು ‘ಜುಂಯ್’ ಎಂದಿತು. ಅಷ್ಟರಲ್ಲಿ ಮೆಕ್ಯಾನಿಕ್ಕನ ಫೋನು ಬಂದು, ಅಸೆಂಬ್ಲಿಯ ಬೆಲೆ ಹೇಳತೊಡಗಿದನು. ಎಂಜಿನ್ನಿನ ಸದ್ದಿನಲ್ಲಿ ಅದು ನನಗೆ ಸರಿಯಾಗಿ ಕೇಳಿಸಲಿಲ್ಲ.