ಸತ್ಯಾಂಶ: ಬಿಸಿ ಎಣ್ಣೆಯಿಂದ ಕಿವಿಯ ಮೂಳೆ ಸಡಿಲವಾಗಲ್ಲ

“ಕಿವಿಯ ಮೂಳೆ ಬಿಗಿದಿದ್ದರೆ ಕಿವಿಗೆ ಬಿಸಿ ಎಣ್ಣೆ ಹಾಕಿ, ಸಡಿಲವಾಗುತ್ತೆ. ಆಪರೇಷನ್ ಮಾಡಿಸಿದರೆ ಪೂರ್ತಿ ಕಿವುಡು ಗ್ಯಾರಂಟಿ” ಅನ್ನೋ ಮೆಸೇಜ್ ಓಡಾಡುತ್ತಿದೆ. ಎರಡೂ ಮಾತು ತಪ್ಪು. ಇದನ್ನು ನಂಬಿ ಯಾರಾದರೂ ಕಿವಿ ಸುಟ್ಟುಕೊಂಡಾರು ಅನ್ನೋದೇ ನನ್ನ ಭಯ.

ಈ ತೊಂದರೆಯ ಹೆಸರು ಓಟೋಸ್ಕ್ಲೆರೋಸಿಸ್. ಕಿವಿಯೊಳಗಿನ ಸ್ಟೇಪಿಸ್ ಅನ್ನೋ ಮೂಳೆ ಸುಮಾರು 3 ಮಿಲಿಮೀಟರ್ ಎತ್ತರ, ಕುದುರೆ ಸವಾರ ಕಾಲಿಡುವ ಕೊಂಡಿಯ ಆಕಾರ. ಅದು ಅಲುಗಾಡಿದರೇನೇ ಶಬ್ದ ಒಳಕಿವಿಗೆ ದಾಟೋದು. ಅದರ ಬುಡದಲ್ಲಿ ಹೊಸ ಮೂಳೆ ಬೆಳೆದು ಕಚ್ಚಿಕೊಂಡರೆ ಕಿವಿ ಮಂದವಾಗುತ್ತದೆ. ಈ ಮೂಳೆ ಇರುವುದು ಕಿವಿಯ ತಮಟೆಯ ಹಿಂದೆ. ತಮಟೆ ಸರಿಯಿದ್ದರೆ ಎಣ್ಣೆ ಅಲ್ಲಿಗೆ ಹೋಗೋದೇ ಇಲ್ಲ, ಅಲ್ವಾ?

ಆಪರೇಷನ್‌ನಲ್ಲಿ ಮೂಳೆಯ ಮೇಲ್ಭಾಗ ತೆಗೆದು, ಬುಡದಲ್ಲಿ 1 ಮಿಲಿಮೀಟರ್‌ಗಿಂತ ಚಿಕ್ಕ ತೂತು ಕೊರೆದು, ಪಿಸ್ಟನ್ ಅನ್ನೋ ಪುಟ್ಟ ಕೃತಕ ಕಡ್ಡಿ ಕೂರಿಸುತ್ತಾರೆ. ಬಿಗಿದ ಮೂಳೆಯ ಬದಲು ಕೃತಕ ಮೂಳೆ ಕೂರಿಸುವ ಈ ದಾರಿಯನ್ನು 1956ರಲ್ಲಿ ತೋರಿಸಿದವರು ಅಮೆರಿಕದ ಡಾಕ್ಟರ್ ಜಾನ್ ಶಿಯಾ. ಅನುಭವಿ ಸರ್ಜನ್ ಕೈಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ ಚೆನ್ನಾಗಿ ಕೇಳಿಸತೊಡಗುತ್ತದೆ. ನೂರರಲ್ಲಿ ಸುಮಾರು ಒಬ್ಬರಿಗೆ ಆ ಕಿವಿ ಪೂರ್ತಿ ಹೋಗುವ ಅಪಾಯವೂ ನಿಜ. ಅದಕ್ಕೇ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕಿವಿ. ಆಪರೇಷನ್ ಬೇಡ ಅನ್ನುವವರಿಗೆ ಹಿಯರಿಂಗ್ ಏಡ್ ಕೂಡ ಒಳ್ಳೆಯ ದಾರಿಯೇ.